ಕೇರಿಯ ಹೆಸರು ಮತ್ತು ನೀಚಗೋತ್ರದ ಆಸ್ರವ

2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಫಲಕ, ಮೊಹರು, ರಸೀದಿ ಪುಸ್ತಕಗಳು ಬದಲಾದವು. ಆದರೆ ‘ಹೊಲಗೇರಿ’, ‘ಮಾದಿಗರ ಓಣಿ’ ಎಂಬ ಮಾತುಗಳು ಹಳೆಯ ಪತ್ರಗಳ ಚಕ್ಕುಬಂದಿಯಲ್ಲಿಯೂ, ಸಭ್ಯರೆನಿಸಿದವರ ನಾಲಗೆಯಲ್ಲಿಯೂ ಇಂದಿಗೂ ಉಳಿದಿವೆ.

ಇದು ರೂಢಿ, ಇದರಲ್ಲಿ ದ್ವೇಷವಿಲ್ಲ ಎಂಬ ಸಮರ್ಥನೆ ಸಿದ್ಧವಾಗಿದೆ. ಹೊಲದವನೇ ಹೊಲೆಯ, ಅದು ಗೌರವದ ಪದವೆಂದು ವ್ಯುತ್ಪತ್ತಿ ಹೇಳುವವರೂ ಉಂಟು. ಆದರೆ ಅದೇ ಕನ್ನಡದಲ್ಲಿ ‘ಹೊಲೆ’ ಎಂದರೆ ಮೈಲಿಗೆ. ಹೆಸರಿನ ಅರ್ಥವನ್ನು ನಿರ್ಣಯಿಸುವ ಅಧಿಕಾರ ಕರೆಯುವವನದಲ್ಲ, ಕರೆಸಿಕೊಳ್ಳುವವನದು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ನೀಚಗೋತ್ರ ಕರ್ಮದ ಆಸ್ರವಕ್ಕೆ ಪರನಿಂದೆ, ಆತ್ಮಪ್ರಶಂಸೆಗಳ ಜೊತೆಗೆ ಅನ್ಯರಲ್ಲಿರುವ ಗುಣಗಳನ್ನು ಮರೆಮಾಡುವುದನ್ನೂ ಕಾರಣವೆಂದು ಎಣಿಸಿದ್ದಾರೆ. ಶಾಸ್ತ್ರದ ಪ್ರಕಾರ ನೀಚಗೋತ್ರವನ್ನು ಕಟ್ಟಿಕೊಳ್ಳುವವನು ಕೇರಿಯವನಲ್ಲ, ಆ ಹೆಸರಿನಿಂದ ಕರೆದವನು! ಮಾತಂಗ ದೇಹದಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ದೇವಸಮಾನನೆಂದು ಸಮಂತಭದ್ರರು ರತ್ನಕರಂಡಕದಲ್ಲಿ ಹೇಳಿದ್ದನ್ನು ಪರ್ಯೂಷಣದಲ್ಲಿ ಕೇಳಿ ತಲೆದೂಗುವ ಶ್ರಾವಕರು ಓಣಿಗೆ ಬಂದೊಡನೆ ಅದನ್ನು ಮರೆಯುವುದು ಖೇದಕರ.

ಕಲಬುರಗಿಯ ರೋಜಾ ಬಡಾವಣೆಯನ್ನು ನೋಡಬಹುದು. ಆ ಹೆಸರು ಹೂವಿನದಲ್ಲ, ಉಪವಾಸದ್ದೂ ಅಲ್ಲ. 1422ರಲ್ಲಿ ದಿವಂಗತರಾದ ಖ್ವಾಜಾ ಬಂದೇನವಾಜರ ಸಮಾಧಿಯಿಂದ ಬಂದದ್ದು. ಆರು ಶತಮಾನಗಳ ಇತಿಹಾಸ ಎರಡಕ್ಷರದಲ್ಲಿ ಉಳಿದಿದೆ. ಕೇರಿಯ ಹೆಸರಿನಲ್ಲಿ ಉಳಿದಿರುವುದೇನು? ಕಪಿಲೆಬಾವಿಯ ಚರ್ಮದ ಬಾನಿ ಹೊಲಿದವರು, ಹೊಲದ ಗಡಿವ್ಯಾಜ್ಯದಲ್ಲಿ ಸಾಕ್ಷಿಯಾಗಿ ನಿಂತ ಕುಳವಾಡಿಗಳು ಅದರಲ್ಲಿ ಕಾಣುವುದಿಲ್ಲ. ಎಲ್ಲರ ಚಕ್ಕುಬಂದಿಯನ್ನು ಬಲ್ಲವರ ನೆಲೆಗೆ ತಿರಸ್ಕಾರದ ಗುರುತು ಮಾತ್ರ ದಕ್ಕಿತು.

ನೆರೆಯ ಮಹಾರಾಷ್ಟ್ರದ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಮಹಾರವಾಡ, ಮಾಂಗವಾಡದಂತಹ ಹೆಸರುಗಳನ್ನು ಕೈಬಿಡಲು ನಿರ್ಧರಿಸಿತು. ಅಮೆರಿಕದಲ್ಲಿ 2022ರಲ್ಲಿ ಮೂಲನಿವಾಸಿ ಸ್ತ್ರೀಯರನ್ನು ಹಳಿಯುವ ಪದವಿದ್ದ ಸುಮಾರು 650 ಬೆಟ್ಟ, ಹೊಳೆ, ಕಣಿವೆಗಳಿಗೆ ಬೇರೆ ಹೆಸರಿಡಲಾಯಿತು. ಅಲ್ಲಿ ಆದದ್ದು ಇಲ್ಲಿ ಆಗಬಾರದೇಕೆ?

ಆದರೆ ಎಲ್ಲ ಕೇರಿಗಳಿಗೂ ‘ಸಮತಾ ನಗರ’ವೆಂದು ಒಂದೇ ಫಲಕ ಹೊಡೆದು ಕೈತೊಳೆದುಕೊಂಡರೆ ಅದೂ ಗುಣಗಳನ್ನು ಮರೆಮಾಡಿದಂತೆಯೇ. ಲೆಕ್ಕ ಬಲ್ಲ ವ್ಯಾಪಾರಿ ಕಿರ್ದಿಯಲ್ಲಿನ ತಪ್ಪನ್ನು ಕೆರೆದು ಅಳಿಸುವುದಿಲ್ಲ. ಹಳೆಯದು ಕಾಣುವಂತೆಯೇ ತಿದ್ದುಪಡಿ ನಮೂದು ಬರೆಯುತ್ತಾನೆ. ಹಳೆಯ ಹೆಸರು ಯಾರ ಮೇಲೆ, ಏಕೆ ಹೇರಲ್ಪಟ್ಟಿತೆಂಬುದು ಗ್ರಾಮದ ದಾಖಲೆಯಲ್ಲಿರಲಿ, ಬಾಯಲ್ಲಿ ಬೇಡ.

ಸರ್ಕಾರದ ಆದೇಶಕ್ಕಾಗಿ ಟ್ರಸ್ಟುಗಳು ಕಾಯಬೇಕಾಗಿಲ್ಲ. ಮಹಾವೀರ ಜಯಂತಿಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮೆರವಣಿಗೆಯ ಮಾರ್ಗವನ್ನು ಬರೆದ ಸಾಲನ್ನು ಪದಾಧಿಕಾರಿಗಳು ಒಮ್ಮೆ ಓದಲಿ, ಗೇಣಿ ಪುಸ್ತಕವನ್ನೂ ತೆರೆಯಲಿ. ಹೊಸ ಹೆಸರು ಏನೆಂಬುದನ್ನು ಮಾತ್ರ ತಾವೇ ಗೊತ್ತುಮಾಡದೆ ಆ ಓಣಿಯ ಹಿರಿಯರನ್ನು ಕೇಳಲಿ.