ತೂಕ ಇಳಿಸುವ ಅವಸರ, ಪ್ರಾಣಕ್ಕೆ ಸಂಚಕಾರ

ಮಾಂಬಳ್ಳಿಯಲ್ಲಿ ನಿಂತು ಕೊಳ್ಳೇಗಾಲದ ಬಸ್ಸಿಗೋ ಯಳಂದೂರಿನ ಬಸ್ಸಿಗೋ ಕಾಯುವವರ ಕಣ್ಣಿಗೆ ಒಂದು ಜಾಹೀರಾತು ಬೀಳದೆ ಇರುವುದಿಲ್ಲ. ಲೈಟ್ ಕಂಬಕ್ಕೆ ಅಂಟಿಸಿದ್ದು, ಸೀಟಿನ ಬೆನ್ನಿಗೆ ಮೆತ್ತಿದ್ದು, ಇಲ್ಲವೇ ಮೊಬೈಲಿನೊಳಗೆ ತಾನಾಗಿ ಬಂದು ಕೂತದ್ದು. “30 ದಿನದಲ್ಲಿ 10 ಕೆಜಿ ಇಳಿಸಿ. ಊಟ ಬಿಡಬೇಕಿಲ್ಲ, ಬೆವರು ಹರಿಸಬೇಕಿಲ್ಲ.” ಕೆಳಗೆ ಒಂದು ಫೋನ್ ನಂಬರು. ಹೆಸರಿಲ್ಲ, ವಿಳಾಸವಿಲ್ಲ, ಮಾರುವವನು ಡಾಕ್ಟರೋ ಅಲ್ಲವೋ ಎಂಬ ಮಾತೂ ಇಲ್ಲ.

ಓದಿ ನಕ್ಕು ಬಸ್ ಹತ್ತುವವರೇ ಹೆಚ್ಚು. ಆದರೆ ಮದುವೆ ಗೊತ್ತಾದ ಹುಡುಗಿ ನಗುವುದಿಲ್ಲ. ಬಾಣಂತನ ಮುಗಿದ ಮೇಲೆ ಹಳೇ ರವಿಕೆ ಹಿಡಿಸದ ತಾಯಿ ನಗುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೂ ಗಲ್ಲಾದ ಮುಂದೆ ಕೂತು ಹೊಟ್ಟೆ ಬೆಳೆಸಿಕೊಂಡ ಅಂಗಡಿ ಯಜಮಾನರೂ ನಗುವುದಿಲ್ಲ. “ಒಂದ್ಸಲ ನೋಡೇ ಬುಡಾಣ, ಹೋದ್ರೆ ದುಡ್ಡು ತಾನೆ” ಎಂದು ನಂಬರು ಬರೆದುಕೊಳ್ಳುತ್ತಾರೆ. ದುಡ್ಡು ಮಾತ್ರ ಹೋದರೆ ಪುಣ್ಯ!

2022ರ ಮೇ 16ರಂದು ಬೆಂಗಳೂರಿನಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಕಿರುತೆರೆ ನಟಿ ಚೇತನಾ ರಾಜ್, ವಯಸ್ಸು ಬರೀ 21. ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದರು, ಜೀವಂತ ಮನೆಗೆ ಬರಲಿಲ್ಲ. ನಿರ್ಲಕ್ಷ್ಯವೇ ಕಾರಣವೆಂದು ಹೆತ್ತವರು ದೂರಿದರು. ನಾಲ್ಕು ದಿನ ಟಿ.ವಿ.ಯಲ್ಲಿ ಸುದ್ದಿ ಓಡಿತು, ಐದನೇ ದಿನ ಬೇರೆ ಸುದ್ದಿ ಬಂತು. ಕೊಬ್ಬು ಹೀರಿ ತೆಗೆಯುವ ಈ ವಿಧಾನ ದೇಹದ ಒಂದು ಭಾಗದ ಆಕಾರ ತಿದ್ದುವುದಕ್ಕೆ ಇರುವುದೇ ಹೊರತು ಬೊಜ್ಜಿಗೆ ಮದ್ದಲ್ಲ ಎಂಬ ಮಾತು ಎಷ್ಟು ಜನರ ಕಿವಿಗೆ ಬಿತ್ತೋ ದೇವರೇ ಬಲ್ಲ.

“ಅದು ಬೆಂಗಳೂರಿನ ದೊಡ್ಡ ಮಂದಿ ಕಥೆ, ನಮ್ಮೂರ್ಗೇನು?” ಎಂದು ಕೇಳುವವರಿದ್ದಾರೆ. ನಿಜ, ಇಲ್ಲಿ ಕತ್ತರಿ ಹಿಡಿದವರು ಬರುವುದಿಲ್ಲ. ಇಲ್ಲಿಗೆ ಬರುವುದು ಪುಡಿ, ಮಾತ್ರೆ, ಬೆಲ್ಟು. ಇವುಗಳ ಗುಟ್ಟನ್ನು ದಿನಸಿ ಅಂಗಡಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಯಲ್ಲಿ ನೆಂದ ಅಕ್ಕಿ ಮೂಟೆಯನ್ನು ಬಿಸಿಲಿಗೆ ಹಾಕಿ ತೂಗಿದರೆ ತೂಕ ಇಳಿದಿರುತ್ತದೆ. ಅಕ್ಕಿ ಒಂದು ಕಾಳೂ ಕಮ್ಮಿಯಾಗಿರುವುದಿಲ್ಲ, ಹೋದದ್ದು ನೀರು. ಬೆವರಿಳಿಸುವ ಬೆಲ್ಟು, ಭೇದಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಎಲ್ಲ ಮಾಡುವುದೂ ಇಷ್ಟೇ. ನಾಲ್ಕು ಚೊಂಬು ನೀರು ಕುಡಿದರೆ ಹೋದ ತೂಕ ವಾಪಸ್ಸು. ಆದರೆ ಆ ನೀರಿನ ಜೊತೆ ಮೈಯಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಲವಣಗಳೂ ಹರಿದು ಹೋಗುತ್ತವೆ. ಅವು ಏರುಪೇರಾದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಥೈರಾಯ್ಡ್ ತೊಂದರೆ ಇಲ್ಲದವರು ತೂಕಕ್ಕೆಂದು ಥೈರಾಯ್ಡ್ ಮಾತ್ರೆ ನುಂಗಿದರೂ ಎದೆಗೇ ಪೆಟ್ಟು.

“ಇದು ಗಿಡಮೂಲಿಕೆ ಕನಣ್ಣ, ಏನೂ ಆಗಲ್ಲ” ಎನ್ನುವವರ ಮಾತಿಗೂ ಮರುಳಾಗುವಂತಿಲ್ಲ. ಸಿಬುಟ್ರಮಿನ್ ಎಂಬ ಹಸಿವು ಅಡಗಿಸುವ ಮಾತ್ರೆ ಒಂದು ಕಾಲಕ್ಕೆ ಔಷಧಿ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಯಿತು. ಹೃದ್ರೋಗವಿದ್ದವರಲ್ಲಿ ಹೃದಯಾಘಾತ, ಲಕ್ವ ಹೆಚ್ಚುತ್ತದೆಂದು ಗೊತ್ತಾಗಿ 2010ರಲ್ಲಿ ಯುರೋಪು, ಅಮೆರಿಕಗಳ ಮಾರುಕಟ್ಟೆಯಿಂದ ಹೊರಬಿತ್ತು. 2011ರಲ್ಲಿ ಭಾರತ ಸರ್ಕಾರವೂ ನಿಷೇಧಿಸಿತು. ಅಲ್ಲಿಗೆ ಪೀಡೆ ತೊಲಗಿತೇ? ಇಲ್ಲ. ಅದೇ ಮದ್ದನ್ನು ಗುಟ್ಟಾಗಿ ಬೆರೆಸಿ, ಮೇಲೆ ಎಲೆಬಳ್ಳಿಯ ಚಿತ್ರ ಹಾಕಿದ ಡಬ್ಬಿಗಳು ಸಿಕ್ಕಿವೆ ಎಂದು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. ಎಲೆಯ ಚಿತ್ರ ನೋಡಿ ಡಬ್ಬಿಯೊಳಗೆ ಏನಿದೆ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಈಗ ಹೊಸದಾಗಿ ಇಂಜೆಕ್ಷನ್ ಬಂದಿದೆ. ಟಿರ್ಜೆಪಟೈಡ್ ಎಂಬ ಮದ್ದು 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಇಳಿಯಿತು. ಇದು ಕಳ್ಳ ಮಾಲಲ್ಲ, ಪರೀಕ್ಷೆಯಾದ ಔಷಧಿಯೇ. ಆದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ, ಬಸುರಿಯರು ಮುಟ್ಟುವಂತಿಲ್ಲ. ಪಕ್ಕದ ಮನೆಯವರು ತಗೊಂಡು ಸಣ್ಣಗಾದರೆಂದು ಫೋನಿನಲ್ಲಿ ತರಿಸಿ ಚುಚ್ಚಿಕೊಳ್ಳುವುದು ಶುದ್ಧ ಅವಿವೇಕ.

ಇನ್ನು ಕಾಸಿಲ್ಲದವರ ಉಪಾಯ ಉಪವಾಸ. ಮೂರು ವಾರ ಬರೀ ನಿಂಬೆರಸ, ಬಿಸಿನೀರು. ಕೊಬ್ಬಿನ ಜೊತೆ ಮೈಯ ಮಾಂಸವೂ ಕರಗುತ್ತದೆ, ತಲೆ ಸುತ್ತುತ್ತದೆ. ಬಹಳ ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಾ ಊಟ ಬಿಟ್ಟವರು ಬಸ್ಸಿನಲ್ಲೇ ಪ್ರಜ್ಞೆ ತಪ್ಪಿದರೂ ಆಶ್ಚರ್ಯವಿಲ್ಲ.

ಹಾಗೆಂದು ಬೊಜ್ಜು ಇದ್ದರೆ ಇರಲಿ ಬಿಡಿ ಎನ್ನುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 24 ಹೆಂಗಸರು, ಸುಮಾರು 23 ಗಂಡಸರು ಅತಿತೂಕದವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 19 ಹೆಂಗಸರು ಇರಬೇಕಾದ್ದಕ್ಕಿಂತ ಸಣಕಲು! ಹೀಗಿರುವಾಗ ಯಾರು ಇಳಿಸಬೇಕು, ಯಾರು ಇಳಿಸಬಾರದು ಎಂದು ಕಂಬದ ಮೇಲಿನ ಚೀಟಿ ಹೇಳೀತೆ? ಟೈಲರ್ ಅಂಗಡಿಯ ಟೇಪು ಅದಕ್ಕಿಂತ ಮೇಲು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರವಾಗಬೇಕೆಂದು ವೈದ್ಯರು ಹೇಳುತ್ತಾರೆ. ದಾಟಿದವರು ಯಳಂದೂರು ಇಲ್ಲವೇ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಹೋಗಲಿ. 30 ದಾಟಿದವರಿಗೆ ಅಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಬಿಟ್ಟಿ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿ ಇಳಿದರೆ ಸಾಕು, ಅದಕ್ಕಿಂತ ಓಡಬಾರದು. ಮುದ್ದೆಯ ಗಾತ್ರ ಒಂದು ಹಿಡಿ ಕಮ್ಮಿ ಮಾಡಿ, ಹುರುಳಿ ಸಾರು, ಸೊಪ್ಪಿನ ಪಲ್ಯ ಜಾಸ್ತಿ ಮಾಡಿ, ಸಂಜೆಯ ಬೋಂಡಾ, ಸಕ್ಕರೆ ಟೀ ಕಡಿಮೆ ಮಾಡಿ, ಒಂದು ಸ್ಟಾಪು ಮೊದಲೇ ಇಳಿದು ನಡೆದರೆ ಮನೆಯೇನೂ ಮುಳುಗುವುದಿಲ್ಲ.

ಅಧಿಕಾರಿಗಳಿಗೂ ಒಂದು ಮಾತು. 1954ರಲ್ಲೇ ಬಂದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಬೊಜ್ಜು ಕೂಡ ಸೇರಿದೆ. ಅಂದರೆ ಬೊಜ್ಜು ವಾಸಿ ಮಾಡುತ್ತೇವೆಂದು ಜನರಿಗೆ ಔಷಧಿಯ ಜಾಹೀರಾತು ಹಾಕುವುದೇ ಅಪರಾಧ. “ಇದು ಔಷಧಿಯಲ್ಲ, ಆಹಾರದ ಪುಡಿ” ಎಂದು ನುಣುಚಿಕೊಳ್ಳುವವರಿಗೆ 2006ರ ಆಹಾರ ಸುರಕ್ಷತಾ ಕಾಯಿದೆ ಇದೆ. ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಖಾಸಗಿ ಕ್ಲಿನಿಕ್‌ಗಳಿಗೆ ನೋಂದಣಿ ಕಡ್ಡಾಯವೆಂದು 2007ರ ರಾಜ್ಯ ಕಾಯಿದೆ ಹೇಳುತ್ತದೆ. ಕಾಯಿದೆಗಳಿಗೆ ಬರವಿಲ್ಲ. ಕಂಬಕ್ಕೆ ಅಂಟಿದ ಚೀಟಿಯನ್ನು ಕಿತ್ತು, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ “ಯಾರಪ್ಪಾ ನೀನು?” ಎಂದು ಕೇಳುವ ಅಧಿಕಾರಿ ಬೇಕಾಗಿದ್ದಾನೆ.

ಅಧಿಕಾರಿ ಬರುವತನಕ ಅಂಗಡಿಯವರು ಕಾಯಬೇಕಿಲ್ಲ. ಕಮಿಷನ್ ಆಸೆಗೆ ಹೆಸರಿಲ್ಲದ ಡಬ್ಬಿ ಇಟ್ಟುಕೊಳ್ಳುವುದಿಲ್ಲ, ಅಂಗಡಿ ಗೋಡೆಗೆ ಆ ಚೀಟಿ ಅಂಟಿಸಲು ಬಿಡುವುದಿಲ್ಲ ಎಂದು ನಿರ್ಧರಿಸಿದರೆ ಅರ್ಧ ವ್ಯಾಪಾರ ಇವತ್ತೇ ನಿಲ್ಲುತ್ತದೆ. ತಕ್ಕಡಿಯಲ್ಲಿ ಮೋಸ ಮಾಡಿದರೆ ಗಿರಾಕಿಗೆ ನೂರು ಗ್ರಾಂ ನಷ್ಟ. ಈ ಮಾಲಿನಲ್ಲಿ ಮೋಸವಾದರೆ ನಷ್ಟವಾಗುವುದು ಮನೆಯ ಮಗಳು.

ಮಾಂಬಳ್ಳಿ ಸೀಮೆ ರೇಷ್ಮೆ ಕಂಡ ಸೀಮೆ. ಹುಳು ನಾಲ್ಕು ಜ್ವರ ದಾಟದೆ ಗೂಡು ಕಟ್ಟುವುದಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಅವಸರಪಟ್ಟು ಹಣ್ಣಾಗದ ಹುಳುವನ್ನು ಚಂದ್ರಿಕೆಗೆ ಬಿಟ್ಟವರಿಗೆ ಗೂಡೂ ಇಲ್ಲ, ಹುಳುವೂ ಇಲ್ಲ. ಮನುಷ್ಯನ ಮೈಗೂ ಅದರದೇ ಆದ ಸಮಯ ಬೇಕು.