ಎಳ್ಳುಂಡೆ ಕೊಟ್ರಿ ಸರಿ, ಪ್ಯಾಡ್ ಆರಿಸಿದ್ದು ಯಾರು?

ಮನೇಲಿ ಹುಡುಗಿ ದೊಡ್ಡವಳಾದಳು ಅಂದ ತಕ್ಷಣ ಏನೆಲ್ಲ ಓಡಾಟ ಶುರುವಾಗುತ್ತೆ ನೋಡಿ. ಚಿಗಳಿ ಉಂಡೆಗೆ ಎಳ್ಳು ಹುರಿಯೋರು ಒಬ್ಬರು, ಕೊಬ್ಬರಿ ಬೆಲ್ಲ ತರೋರು ಇನ್ನೊಬ್ಬರು, ಆರತಿಗೆ ಯಾರ್ಯಾರನ್ನ ಕರೀಬೇಕು ಅಂತ ಪಟ್ಟಿ ಮಾಡೋರು ಮತ್ತೊಬ್ಬರು. ಹಳೇ ಮೈಸೂರು ಕಡೆ ಕೆಲವು ಮನೆಗಳಲ್ಲಿ ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕ್ಬೇಕು. ಲಂಗದ ಬಣ್ಣ ಯಾವುದು ಅನ್ನೋದಕ್ಕೇ ಎರಡು ದಿನ ಚರ್ಚೆ. ಆದ್ರೆ ಮುಂದಿನ ಮೂವತ್ತೈದು ನಲವತ್ತು ವರ್ಷ ಆ ಹುಡುಗಿ ತಿಂಗಳು ತಿಂಗಳು ಬಳಸಬೇಕಾದ ವಸ್ತು ಇದೆಯಲ್ಲ, ಅದರ ಬಗ್ಗೆ ಎಷ್ಟು ನಿಮಿಷ ಮಾತಾಡಿದ್ವಿ? ಅಮ್ಮ ತನ್ನ ಪ್ಯಾಕೆಟ್ಟಿನಿಂದಲೇ ಒಂದು ತೆಗೆದು ಕೈಗಿಟ್ಟು "ಹಿಂಗೆ ಅಂಟಿಸ್ಕೋ, ಅಪ್ಪನ ಮುಂದೆ ತರಬೇಡ" ಅಂದ್ರೆ ಮುಗೀತು. ಅದೂ ಎಷ್ಟೋ ಮನೆಗಳಲ್ಲಿ ರಕ್ತ ನೋಡಿ ಹುಡುಗಿ ಹೆದರಿ ಅತ್ತ ಮೇಲೆ.

ಆರತಿ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ. ಮಾಡೋರು ಮಾಡ್ಕೊಳ್ಳಿ, ಎಳ್ಳುಂಡೆ ನನಗೂ ಇಷ್ಟ. ನನ್ನ ತಕರಾರು ಇಷ್ಟೇ: ಅವಳ ಮೈಗೆ ಹಾಕೋ ವಸ್ತುವನ್ನ ಅವಳನ್ನ ಬಿಟ್ಟು ಉಳಿದವರೆಲ್ಲ ಆರಿಸ್ತಾರೆ.

ಯಾರು ಆರಿಸ್ತಾರೆ ಅಂತೀರಾ? ಮೊದಲನೇದು, ಅಮ್ಮನ ಅಭ್ಯಾಸ. ನಲವತ್ತು ವರ್ಷದ ಹೆಂಗಸು ತನಗೆ ಅನುಕೂಲ ಅಂತ ತರಿಸೋ ಡಬಲ್ ಎಕ್ಸ್ಎಲ್ ಪ್ಯಾಡ್ ಒಂದಡಿಗಿಂತ ಕೊಂಚ ಹೆಚ್ಚೇ ಉದ್ದ ಇರುತ್ತೆ. ಹತ್ತು ವರ್ಷದ ಹುಡುಗಿಯ ಒಳಚಡ್ಡಿಯಲ್ಲಿ ಅದು ಹಿಂದಿನಿಂದ ಮುಂದಿನವರೆಗೆ ಮಡಚಿಕೊಂಡು ಕೂತಿರುತ್ತೆ. ಪ್ಯಾಕೆಟ್ ಮೇಲಿನ ಆ ಎಕ್ಸ್ಎಲ್ ಅನ್ನೋದು ಬಟ್ಟೆ ಸೈಜಲ್ಲ, ಪ್ಯಾಡಿನ ಉದ್ದ ಕಣ್ರೀ. ಚಿಕ್ಕ ಮೈಗೆ ಸುಮಾರು ಇಪ್ಪತ್ತನಾಲ್ಕು ಸೆಂಟಿಮೀಟರಿನ ರೆಗ್ಯುಲರ್ ಹಗಲಿಗೆ ಸಾಕಾಗುತ್ತೆ, ರಾತ್ರಿಗೆ ಬೇಕಾದ್ರೆ ಉದ್ದದ್ದು. ಎರಡನೇದು, ಟೀವಿ. ನೀಲಿ ನೀರು ಸುರಿದು, ಬಿಳಿ ಪ್ಯಾಂಟ್ ಹಾಕಿದ ಹುಡುಗಿಯನ್ನ ಕುಣಿಸಿ, ಇಡೀ ದಿನಕ್ಕೆ ಒಂದೇ ಸಾಕು ಅನ್ನೋ ಭಾವನೆಯನ್ನ ಎರಡು ಮೂರು ತಲೆಮಾರಿಗೆ ತುಂಬಿದ್ದಾಗಿದೆ. ಎಷ್ಟೇ ಹೀರಿಕೊಳ್ಳೋ ಪ್ಯಾಡ್ ಆದ್ರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸ್ಬೇಕು. ಇದನ್ನ ಜಾಹೀರಾತು ಹೇಳಲ್ಲ, ಅಮ್ಮನೂ ಹೇಳಲ್ಲ. ಮೂರನೆಯವರು ಮೆಡಿಕಲ್ ಶಾಪಿನ ಅಣ್ಣ. ನೀವು ಬಾಯಿ ಬಿಡೋ ಮೊದಲೇ ಒಂದು ಪ್ಯಾಕೆಟ್ ಎಳೆದು ಪೇಪರಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿರ್ತಾರೆ. ಬಾಂಬ್ ಕೊಟ್ಟ ಹಾಗೆ! ಇನ್ನು ಅದರ ಹಿಂಬದಿ ತಿರುಗಿಸಿ ಓದೋದೆಲ್ಲಿಂದ ಬಂತು?

(ಅದೇ ಪೇಪರ್ ನಿಜವಾಗಿ ಬೇಕಾಗಿರೋದು ಬಳಸಿ ಎಸೆಯೋವಾಗ. ಅಲ್ಲಿ ಸುತ್ತೋರು ಕಡಿಮೆ. ಕಸ ವಿಂಗಡಿಸೋ ಪೌರಕಾರ್ಮಿಕರ ಬರಿಗೈಗೆ ಅದು ಹಾಗೇ ಸಿಗುತ್ತೆ. ಬೆಂಗಳೂರಲ್ಲಿ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದಾರೆ.)

ನನ್ನ ಅಕ್ಕನ ಮಗಳು ಆರನೇ ಕ್ಲಾಸಲ್ಲಿದ್ದಾಗ, ಇನ್ನೂ ಮುಟ್ಟಾಗೋ ಮೊದಲೇ, ನಾನು ನಾಲ್ಕು ಥರದ್ದು ತಂದು ಮಂಚದ ಮೇಲೆ ಹರವಿದೆ. ದಪ್ಪದ್ದು, ತೆಳುವಾದದ್ದು, ಬಟ್ಟೆಯದ್ದು, ಮುಟ್ಟಿನ ಚಡ್ಡಿ ಅಂತ ಈಗ ಬರುತ್ತಲ್ಲ ಅದೊಂದು. ಬೀಟ್ರೂಟ್ ಬೇಯಿಸಿದ ನೀರನ್ನ ಚಮಚದಲ್ಲಿ ಹಾಕಿ ನೋಡಿದ್ವಿ. ಇಡೀ ಮುಟ್ಟಿನಲ್ಲಿ ಹೋಗೋ ರಕ್ತ ಸಾಮಾನ್ಯವಾಗಿ 80 ಮಿಲಿಲೀಟರ್ ಒಳಗೆ, ಒಂದು ಸಣ್ಣ ಕಾಫಿ ಲೋಟ ತುಂಬಲ್ಲ ಅಂದಾಗ ಅವಳ ಮುಖದ ಬಿಗಿ ಸಡಿಲ ಆಯ್ತು. ಬಕೆಟ್ಟುಗಟ್ಟಲೆ ಅಂದ್ಕೊಂಡಿದ್ದಳಂತೆ ಪಾಪ. ದಪ್ಪದ್ದನ್ನ ಹಾಕ್ಕೊಂಡು ಹಾಲಲ್ಲೆಲ್ಲ ಓಡಾಡಿ "ಚಿಕ್ಕಮ್ಮ, ಇದು ಬೇಡ, ಬಾತುಕೋಳಿ ಥರ ನಡೀತೀನಿ" ಅಂದಳು. ಬಟ್ಟೆಯದ್ದು ಮೆತ್ತಗಿದೆ ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು ನೋಡಿ: "ಸ್ಕೂಲಲ್ಲಿ ಇದನ್ನ ಎಲ್ಲಿ ಎಸೀಲಿ?"

ನಮ್ಮ ಮನೆಯ ಯಾವ ಹಿರಿಯರೂ ಆವರೆಗೆ ಕೇಳದ ಪ್ರಶ್ನೆ ಅದು. ಅಸಲಿ ಪ್ರಶ್ನೆಯೂ ಅದೇ. ಯಾವ ಕಂಪನಿದು ಒಳ್ಳೇದು ಅಂತ ನಾವು ತಲೆ ಕೆಡಿಸ್ಕೋತೀವಿ. ಹುಡುಗಿಗೆ ಗೊತ್ತಿರೋದು ಬೇರೆ. ಎಲ್ಲಿ ಬದಲಾಯಿಸೋದು, ಎಲ್ಲಿ ತೊಳೆಯೋದು, ಎಲ್ಲಿ ಎಸೆಯೋದು? ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿ ಸಂಜೆ ಐದಕ್ಕೆ ಬರೋಳು, ಅವಳ ಶಾಲೆಯ ಶೌಚಾಲಯದಲ್ಲಿ ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ, ಮುಚ್ಚಳ ಇರೋ ಡಬ್ಬಿ ಅಂತೂ ಇಲ್ಲವೇ ಇಲ್ಲ ಅಂದ್ರೆ, ನೂರು ರೂಪಾಯಿಯ ಪ್ಯಾಕೆಟ್ಟಾದ್ರೂ ಅವಳು ಒಂಬತ್ತು ಗಂಟೆ ಒಂದರಲ್ಲೇ ಕೂತಿರ್ತಾಳೆ. ತೊಡೆ ಸಂದು ಕೆರೆದು ಹುಣ್ಣಾಗುತ್ತೆ, ತುರಿಕೆ ಬರುತ್ತೆ. ಬಾಯಿ ಬಿಡಲ್ಲ. ಎರಡನೇ ತಿಂಗಳು "ಹೊಟ್ಟೆನೋವು" ಅಂತ ಶಾಲೆಗೆ ಚಕ್ಕರ್. ಆಮೇಲೆ ನಾವು "ಹುಡುಗಿಗೆ ಓದೋದ್ರಲ್ಲಿ ಗಮನ ಇಲ್ಲ" ಅಂತೀವಿ.

ಬಟ್ಟೆ ವಿಷಯಕ್ಕೆ ಬರ್ತೀನಿ, ಇಲ್ಲಿ ಎರಡೂ ಕಡೆಯವರ ಮೇಲೆ ನನಗೆ ಸಿಟ್ಟಿದೆ. ಬಟ್ಟೆ ಅಂದ್ರೆ ಕೊಳಕು, ಹಳ್ಳಿಯೋರು ಬಳಸೋದು ಅನ್ನೋರು ಒಂದು ಕಡೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 64 ಜನ ನ್ಯಾಪ್ಕಿನ್ ಬಳಸ್ತೀವಿ ಅಂದಿದ್ರೆ, ಶೇಕಡಾ 50 ಜನ ಬಟ್ಟೆಯನ್ನೂ ಬಳಸ್ತೀವಿ ಅಂದಿದ್ದಾರೆ. ಅಂದ್ರೆ ಎಷ್ಟೋ ಜನ ಎರಡನ್ನೂ ಬಳಸ್ತಾರೆ. ಮನೇಲಿ ಬಟ್ಟೆ, ಹೊರಗೆ ಪ್ಯಾಡು. ಇದು ಅಜ್ಞಾನ ಅಲ್ಲ, ಬುದ್ಧಿವಂತಿಕೆ. ಆದ್ರೆ ಸಮೀಕ್ಷೆಯ ಲೆಕ್ಕದಲ್ಲಿ ಬಟ್ಟೆ "ಶುಚಿಯಾದ ವಿಧಾನ"ಗಳ ಪಟ್ಟಿಯಲ್ಲೇ ಇಲ್ಲ, ಹೇಗೆ ಒಗೆದ್ರಿ ಅಂತ ಕೇಳೋ ಗೋಜಿಗೂ ಹೋಗಲ್ಲ. ಇತ್ತ ಮಾನಕ ಬ್ಯೂರೋದವರು ಮರುಬಳಕೆಯ ಪ್ಯಾಡಿಗೆ 2021ರಲ್ಲೇ ಒಂದು ಮಾನದಂಡ ಮಾಡಿದ್ದಾರೆ! ಹತ್ತಿ ಬಟ್ಟೆ, ತಣ್ಣೀರಲ್ಲಿ ನೆನೆಸಿ ಸೋಪಿನಲ್ಲಿ ಚೆನ್ನಾಗಿ ಒಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ರೆ ಅದರಲ್ಲಿ ಯಾವ ತಪ್ಪೂ ಇಲ್ಲ. ತಪ್ಪಿರೋದು ಯಾರಿಗೂ ಕಾಣಬಾರದು ಅಂತ ಬಚ್ಚಲ ಮೂಲೆಯಲ್ಲಿ, ಲಂಗದ ಅಡಿಯಲ್ಲಿ ಒಣಗಿಸೋದ್ರಲ್ಲಿ.

ಇನ್ನೊಂದು ಕಡೆ, ಬಟ್ಟೆಯೇ ಶ್ರೇಷ್ಠ, ಭೂಮಿ ಉಳಿಸಿ ಅನ್ನೋರು. ಸ್ವಾಮೀ, ತೀರ್ಥಹಳ್ಳಿ ಆಗುಂಬೆ ಕಡೆ ಜುಲೈ ತಿಂಗಳಲ್ಲಿ ಒಮ್ಮೆ ಬನ್ನಿ. ಟವೆಲ್ಲೇ ನಾಲ್ಕು ದಿನಕ್ಕೂ ಒಣಗಲ್ಲ, ಒಲೆ ಮೇಲೆ ಅಟ್ಟ ಕಟ್ಟಿ ಶಾಲೆಯ ಯೂನಿಫಾರ್ಮ್ ಒಣಗಿಸ್ತಾರೆ. ಅಲ್ಲಿನ ಹುಡುಗಿಗೆ ಮಳೆಗಾಲಕ್ಕೆ ಪ್ಯಾಡು, ಬೇಸಿಗೆಗೆ ಬಟ್ಟೆ ಅನ್ನೋದೇ ಸರಿಯಾದ ಆಯ್ಕೆ ಇರಬಹುದು. ಬೆಂಗಳೂರಿನ ಬಾಲ್ಕನಿಯಲ್ಲಿ ಕೂತು ಅದನ್ನ ತೀರ್ಮಾನ ಮಾಡೋಕೆ ನಾವ್ಯಾರು?

ಕಪ್ಪಿನದೂ ಇದೇ ಕತೆ. 2023ರಲ್ಲಿ ನಮ್ಮ ಸರ್ಕಾರ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ವಿದ್ಯಾರ್ಥಿನಿಯರಿಗೆ ಮುಟ್ಟಿನ ಕಪ್ ಹಂಚೋ ಯೋಜನೆ ಶುರು ಮಾಡಿತು. ಒಳ್ಳೇ ಕೆಲಸ. ಹನ್ನೆರಡು ಗಂಟೆ ಇಡಬಹುದು, ವರ್ಷಗಟ್ಟಲೆ ಬಾಳಿಕೆ ಬರುತ್ತೆ. ಆದ್ರೆ ಮೊದಲ ಸಲ ಮುಟ್ಟಾದ ಹತ್ತು ಹನ್ನೊಂದರ ಹುಡುಗಿಗೆ "ನಿನ್ನಿಂದ ಭೂಮಿ ಹಾಳಾಗುತ್ತೆ, ಕಪ್ ಹಾಕ್ಕೋ" ಅಂತ ಭಾಷಣ ಮಾಡೋದು ಕ್ರೌರ್ಯ. ಅವಳಿಗಿನ್ನೂ ತನ್ನ ಮೈಯ ಪರಿಚಯವೇ ಆಗಿಲ್ಲ. ಅದಕ್ಕೆ ಅಷ್ಟೇ ಜೋರಾಗಿ ಹೇಳ್ತೀನಿ, "ಮದುವೆಗೆ ಮುಂಚೆ ಅದೆಲ್ಲ ಒಳಗೆ ಹಾಕ್ಬಾರ್ದು, ಕನ್ಯತ್ವ ಹೋಗುತ್ತೆ" ಅನ್ನೋ ಅತ್ತೆಯರ ಮಾತು ಶುದ್ಧ ಸುಳ್ಳು. ಕನ್ಯತ್ವ ಅಳೆಯೋ ಯಾವ ಪೊರೆಯೂ ಮೈಯೊಳಗೆ ಇಲ್ಲ. ಅವಳು ಹದಿನಾರಕ್ಕೆ ಬೇಕು ಅಂದ್ರೆ ಕೊಡಿಸಿ, ಬೇಡ ಅಂದ್ರೆ ಸುಮ್ನಿರಿ. ಟ್ಯಾಂಪೂನ್ ಕೇಳಿದ್ರೆ ಒಂದು ಮಾತು ಮಾತ್ರ ತಪ್ಪದೆ ಹೇಳಿ: ಎಂಟು ಗಂಟೆ ಮೀರಿ ಇಡಬಾರದು, ಅಪರೂಪಕ್ಕಾದ್ರೂ ಜೀವಕ್ಕೇ ಅಪಾಯ ಆಗಬಹುದು.

ಸುವಾಸನೆ ಇರೋ ಪ್ಯಾಡ್ ಯಾಕೆ ಬೇಕೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಎಳೇ ಚರ್ಮಕ್ಕೆ ಉರಿ ತರಿಸೋಕೆ ಅದೊಂದು ಬಾಕಿ ಇತ್ತು. ಸುಗಂಧ ಇಲ್ಲದ್ದೇ ಇರಲಿ.

ದುಡ್ಡಿನ ಮಾತು ಬರುತ್ತೆ, ಬರಲೇಬೇಕು. 2018ರ ಜುಲೈನಲ್ಲಿ ನ್ಯಾಪ್ಕಿನ್ ಮೇಲಿನ ಶೇಕಡಾ 12 ಜಿಎಸ್‌ಟಿ ತೆಗೆದ್ರು. ಜನೌಷಧಿ ಅಂಗಡಿಗಳಲ್ಲಿ 2019ರಿಂದ ಒಂದು ಪ್ಯಾಡಿಗೆ ಒಂದು ರೂಪಾಯಿ. ಸರ್ಕಾರಿ ಶಾಲೆಗೆ ಬರ್ತಿದ್ದ 'ಶುಚಿ' ಪ್ಯಾಕೆಟ್ಟು ಕೊರೊನಾ ಹೊತ್ತಿಗೆ ನಿಂತು, ನಾಲ್ಕೈದು ವರ್ಷ ಯಾರೂ ಕೇಳೋರಿಲ್ಲದೆ, 2024ರಲ್ಲಿ ಮತ್ತೆ ಶುರುವಾಯ್ತು. ಆ ವರ್ಷಗಳಲ್ಲಿ ಮೊದಲ ಸಲ ಮುಟ್ಟಾದ ಸರ್ಕಾರಿ ಶಾಲೆಯ ಹುಡುಗಿಯರು ಏನು ಬಳಸಿದ್ರು ಅಂತ ಯಾವ ಚಾನೆಲ್ಲೂ ಚರ್ಚೆ ಮಾಡಲಿಲ್ಲ ಬಿಡಿ. ಬಿಟ್ಟಿ ಕೊಡೋದ್ರಲ್ಲಿ ಆಯ್ಕೆ ಎಲ್ಲಿಂದ ಅಂತ ಕೇಳಬಹುದು. ಒಂದು ಪ್ಯಾಕೆಟ್ ಬಿಚ್ಚಿ, ಹಿಂಗೆ ಅಂಟಿಸೋದು, ಇಷ್ಟು ಗಂಟೆಗೆ ಬದಲಾಯಿಸೋದು, ಹಿಂಗೆ ಸುತ್ತಿ ಎಸೆಯೋದು ಅಂತ ಮೇಡಂ ಒಮ್ಮೆ ತೋರಿಸಿದ್ರೆ ಅದಕ್ಕೇನೂ ಬಜೆಟ್ ಬೇಕಿಲ್ಲ. ಹುಡುಗರನ್ನ ಆಟಕ್ಕೆ ಕಳಿಸಿ ಬಾಗಿಲು ಹಾಕ್ಕೊಂಡು ಪಿಸುಗುಟ್ಟೋದನ್ನ ಬಿಟ್ರೆ ಇನ್ನೂ ಒಳ್ಳೇದು.

ಇನ್ನು ಅಪ್ಪಂದಿರು. ಮಗಳ ಶೂ ಸೈಜ್ ಗೊತ್ತು, ಟ್ಯೂಷನ್ ಫೀಸ್ ಗೊತ್ತು, ಪ್ಯಾಡ್ ತಂದುಕೊಡಿ ಅಂದ್ರೆ ಫೋನ್ ಬಂತು ಅಂತ ಆಚೆ ಹೋಗ್ತಾರೆ. ಅಮ್ಮ ಊರಲ್ಲಿಲ್ಲದ ದಿನವೇ ಶುರುವಾದ್ರೆ? ಇಲ್ಲಿ ಮಳೆ, ಮಲ್ಲಿಗೆ, ಮಗಳ ಮೊದಲ ಹೆಜ್ಜೆ ಅಂತ ಚೆಂದ ಚೆಂದವಾಗಿ ಬರೆಯೋ ಅಪ್ಪಂದಿರು ಬಹಳ ಜನ ಇದೀರಿ. ಮಗಳಿಗೆ ಒಂಬತ್ತು ಹತ್ತಾಗಿದ್ರೆ ಅಂಗಡಿಗೆ ಅವಳನ್ನೇ ಕರ್ಕೊಂಡು ಹೋಗಿ, ಕಪ್ಪು ಕವರ್ ಬೇಡ ಅನ್ನಿ, ಅವಳೇ ಎತ್ತಿ ನೋಡಲಿ. ಒಂದು ಸಣ್ಣ ಚೀಲದಲ್ಲಿ ಎರಡು ಪ್ಯಾಡು, ಒಂದು ಒಳಚಡ್ಡಿ, ಎರಡು ಹಾಳೆ ಪೇಪರ್ ಹಾಕಿ ಸ್ಕೂಲ್ ಬ್ಯಾಗಲ್ಲಿ ಇಡಿಸಿ. ಮೊದಲ ಒಂದೆರಡು ವರ್ಷ ದಿನದ ಲೆಕ್ಕ ತಪ್ಪೋದು ಸಹಜ, ಹೆದರೋದು ಬೇಡ ಅನ್ನಿ. ಗಂಟೆಗೊಂದು ಪ್ಯಾಡ್ ತೋಯ್ತಿದ್ರೆ, ಏಳು ದಿನ ದಾಟಿದ್ರೆ ಮಾತ್ರ ಡಾಕ್ಟರ್ ಹತ್ರ ಹೋಗೋಣ ಅಂತಾನೂ ಹೇಳಿ.

ನನ್ನ ಅಕ್ಕನ ಮಗಳ ಪ್ರಶ್ನೆ ಇಟ್ಕೊಂಡು ಅಕ್ಕ ಅವಳ ಶಾಲೆಗೆ ಹೋಗಿ ಬಂದಳು. ಡಬ್ಬಿ ಇಡಿಸ್ತೀವಿ ಅಂದ್ರಂತೆ. ಮೂರು ಸಲ ಹೋದ ಮೇಲೆ ಇಟ್ರು. ಮುಚ್ಚಳ ಇಲ್ಲ. ನಾಲ್ಕನೇ ಸಲ ಹೋಗ್ಬೇಕು ಅಂತಿದ್ದಾಳೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಹೇಗಿದೆ, ನೋಡ್ಕೊಂಡು ಬಂದು ಹೇಳ್ತೀರಾ?