ಕರೆಂಟು ಹೋದ ದಾರಿಯಲ್ಲಿ ಚಿನ್ನದೂರಿಗೆ

ಯಳಂದೂರು ತಾಲ್ಲೂಕಿನ ಅಗರದ ಮಕ್ಕಳು ಪ್ರವಾಸ ಹೊರಟರೆಂದರೆ ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ, ಹೆಚ್ಚೆಂದರೆ ಮೈಸೂರು. ಈ ಸಲ ಎರಡು ದಿನ ಬಿಡುವಿದ್ದರೆ ಬೇರೊಂದು ದಾರಿ ಹಿಡಿಯಬಹುದು. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಎತ್ತ ಹೋಯಿತೋ ಅತ್ತಲೇ, ಅಂದರೆ ಕೋಲಾರದ ಚಿನ್ನದ ಗಣಿಗಳ ಕಡೆಗೆ.

ಕೆ.ಜಿ.ಎಫ್. ಎಂದೊಡನೆ ಇಂದಿನ ಹುಡುಗರಿಗೆ ನೆನಪಾಗುವುದು ಸಿನಿಮಾ. ಅದರ ಕಥೆ ಕಲ್ಪನೆಯದು. ನಿಜವಾದ ಊರಿನಲ್ಲಿ ಗಣಿ ಮುಚ್ಚಿದ್ದರೂ ಜನ ಬದುಕುತ್ತಿದ್ದಾರೆ. ಪ್ರವಾಸದ ಯೋಜನೆ ಹಾಕುವಾಗ ಮೇಷ್ಟ್ರಿಗೂ ತಂದೆತಾಯಿಯರಿಗೂ ಇದು ಮೊದಲು ನೆನಪಿರಬೇಕು.

ಮೊದಲ ದಿನ ಶಿವನಸಮುದ್ರಕ್ಕೆ ಮೀಸಲು. ಬೆಳಿಗ್ಗೆ ಕೊಳ್ಳೇಗಾಲದ ಮೇಲೆ ಹೋಗಿ ಭರಚುಕ್ಕಿ ನೋಡಿ, ಹೊಳೆ ದಾಟಿ ಮಳವಳ್ಳಿ ಕಡೆಯಿಂದ ಗಗನಚುಕ್ಕಿ ನೋಡಬಹುದು. ಮಳೆಗಾಲ ಮುಗಿಯುತ್ತಿರುವಾಗ ಹೋದರೆ ನೀರೂ ಇರುತ್ತದೆ, ಬಿಸಿಲೂ ಕಡಿಮೆ. ಜಲಪಾತದಷ್ಟೇ ಮುಖ್ಯವಾದುದು ಬ್ಲಫ್‌ನ ವಿದ್ಯುದಾಗಾರ. ಒಳಗೆ ಹೋಗಲು ಕರ್ನಾಟಕ ವಿದ್ಯುತ್ ನಿಗಮದ ಅನುಮತಿ ಬೇಕು. ಶಾಲೆಯ ಕಡೆಯಿಂದ ಮುಂಚಿತವಾಗಿಯೇ ಪತ್ರ ಬರೆಯುವುದು ಒಳ್ಳೆಯದು.

ಇದನ್ನು ಕಟ್ಟಲು ಒತ್ತಾಸೆಯಾಗಿ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಯೋಜನೆ ಸಿದ್ಧಪಡಿಸಿದರು. 1902ರ ಜೂನ್ 30ರಂದು ಇಲ್ಲಿನ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಮೊದಲ ಕರೆಂಟು ರಾಜಧಾನಿಯನ್ನೂ ಪಕ್ಕದ ಹಳ್ಳಿಗಳನ್ನೂ ಬಿಟ್ಟು ಗಣಿಗೆ ಹೋದದ್ದೇಕೆ? ಕಾರಣ ಸರಳ: ಹಣ ಕೊಟ್ಟು ಕೊಳ್ಳುವ ಗಿರಾಕಿ ಅಲ್ಲಿದ್ದ.

ಸಂಜೆ ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರು ಸೇರಿ ರಾತ್ರಿ ತಂಗಬೇಕು. ಎರಡನೆಯ ದಿನ ಬೆಳಿಗ್ಗೆ ಮಾರಿಕುಪ್ಪಂ ಕಡೆಯ ರೈಲು ಹಿಡಿಯಬೇಕು. ಹೊರಡುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಲಿ. ಬಂಗಾರಪೇಟೆಯಿಂದ ಮುಂದಿನ ಕವಲು ದಾರಿಯನ್ನು 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ್ದು. ಕೋರಮಂಡಲ, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣದ ಹೆಸರುಗಳೆಲ್ಲ ಗಣಿಗಳನ್ನೇ ನೆನಪಿಸುತ್ತವೆ. ಎದುರಿನಿಂದ ಬೆಂಗಳೂರಿಗೆ ಹೋಗುವ ರೈಲುಗಳನ್ನು ಮಕ್ಕಳು ಗಮನಿಸಲಿ. ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ನಿತ್ಯ ನಸುಕಿನಲ್ಲೇ ಎದ್ದು ಆ ರೈಲುಗಳಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ.

ಊರಿನಲ್ಲಿ ನೋಡುವುದೇನು? ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟ ಮೇಲೆ ಸುಮಾರು 120 ವರ್ಷಗಳಲ್ಲಿ 800 ಟನ್‌ನಷ್ಟು ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಗೂ ಹೆಚ್ಚು. ಆ ಆಳದಲ್ಲಿ ಬಂಡೆಯೇ ಕಾದಿರುತ್ತಿತ್ತು. ಬಂಡೆ ಸಿಡಿದು ಸತ್ತವರೂ ಉಂಟು. ತಮಿಳು, ತೆಲುಗು ಸೀಮೆಯಿಂದ ಬಂದ ಬಡವರು, ಅವರಲ್ಲೂ ಬಹುಪಾಲು ದಲಿತರು, ಅಲ್ಲಿ ಇಳಿದು ದುಡಿದರು. ಮೇಲುಗಡೆ ಸಾಹೇಬರ ಬಂಗಲೆ, ಕ್ಲಬ್ಬು. ಕೂಲಿಗಳಿಗೆ ಇಕ್ಕಟ್ಟಾದ ಲೈನ್ ಮನೆ. ಎರಡನ್ನೂ ಒಂದೇ ದಿನ ನೋಡಿದ ಹುಡುಗನಿಗೆ ಇತಿಹಾಸದ ಪುಸ್ತಕದ ಎಷ್ಟೋ ಪುಟಗಳು ತಾವಾಗಿ ಅರ್ಥವಾಗುತ್ತವೆ.

ಊರ ಸುತ್ತ ಕಾಣುವ ಬೂದು ಬಣ್ಣದ ಗುಡ್ಡಗಳು ದೇವರು ಮಾಡಿದವಲ್ಲ. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹುಡಿಯ ರಾಶಿ ಅವು. ದೂರದಿಂದ ನೋಡಿದರೆ ಸಾಕು, ಹತ್ತಿ ಆಡುವ ಜಾಗವಲ್ಲ. ಹಳೆಯ ಶಾಫ್ಟ್‌ಗಳ ಬಳಿಗೂ ಅನುಮತಿಯಿಲ್ಲದೆ ಹೋಗಬಾರದು.

ವಿಜ್ಞಾನದ ಮೇಷ್ಟ್ರು ಮರೆಯದೆ ಹೇಳಬೇಕಾದ ಮಾತೊಂದಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು 1965ರಲ್ಲಿ ಮೊದಲು ಪತ್ತೆ ಹಚ್ಚಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ. ಬೇರೆ ಕಿರಣಗಳನ್ನು ತಡೆಯಲು ಅಷ್ಟು ದಪ್ಪದ ಬಂಡೆ ಬೇಕಾಗಿತ್ತು.

ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದೇ ವರ್ಷ ಜರ್ಮನಿಯ ಎಸ್ಸೆನ್ ನಗರದಲ್ಲಿ, 1986ರಲ್ಲಿ ಮುಚ್ಚಿದ್ದ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ, ಟಿಕೆಟ್ ಕೊಂಡು ಜನ ನೋಡುತ್ತಾರೆ. ಕೆ.ಜಿ.ಎಫ್.ನಲ್ಲಿ ಅಂಥ ಏರ್ಪಾಡಿಲ್ಲ. ಹೀಗಾಗಿ ಇಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲೋ ಚಹದಂಗಡಿಯಲ್ಲೋ ಗಣಿಯಲ್ಲಿ ದುಡಿದ ಹಿರಿಯರು ಸಿಕ್ಕರೆ ಮಕ್ಕಳು ವಿನಯದಿಂದ ಮಾತಾಡಿಸಲಿ. ಒಪ್ಪಿಗೆ ಕೇಳದೆ ಫೋಟೊ ತೆಗೆಯುವುದು ಬೇಡ.

ಕುಡಿಯುವ ನೀರು, ಮುಚ್ಚಿದ ಚಪ್ಪಲಿ ಅಥವಾ ಬೂಟು, ದೂಳಿಗೊಂದು ಕರವಸ್ತ್ರ, ಒಂದು ನೋಟ್ ಪುಸ್ತಕ – ಇಷ್ಟಿದ್ದರೆ ಸಾಕು. ಸಮಯ ಉಳಿದರೆ ಹತ್ತಿರದ ಕೋಟಿಲಿಂಗೇಶ್ವರವನ್ನೂ ನೋಡಬಹುದು.

ಮನೆಗೆ ಬಂದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯೊಂದಕ್ಕೆ ಹೋಗಿ, ಅಜ್ಜನ ಕಾಲದಲ್ಲಿ ಎಷ್ಟು ಮಗ್ಗವಿತ್ತು, ಈಗೆಷ್ಟಿದೆ, ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿ ಬರೆದು ತರಲಿ. ಕೆ.ಜಿ.ಎಫ್.ನಲ್ಲಿ ಕೇಳಿದ ಮಾತಿನ ಪಕ್ಕದಲ್ಲೇ ಅದನ್ನೂ ಬರೆಯಲಿ.